ಬೇಚರಾಕ್: ದೀಪವಾರಿದ ಊರುಗಳ ಲೆಕ್ಕ

ನಮ್ಮ ಕಡೆಯ ಹಳೆಯ ಕಂದಾಯದ ಕಾಗದಪತ್ರಗಳಲ್ಲಿ ‘ಬೇಚರಾಕ್’ ಎಂಬ ಒಂದು ಮಾತುಂಟು. ಫಾರ್ಸಿಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇಚಿರಾಗ್’ ಎಂದರೆ ದೀಪವಿಲ್ಲದ್ದು. ಊರಿಗೆ ಹೆಸರುಂಟು, ಗಡಿಯುಂಟು, ಸರ್ವೆ ನಂಬರುಂಟು, ಹೊಲಗಳಿಗೆ ಕಂದಾಯವೂ ಉಂಟು. ಸಂಜೆಗೆ ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ. ಅಂಥ ಗ್ರಾಮವನ್ನು ಗುಮಾಸ್ತರು ಈ ಒಂದು ಪದದಿಂದ ಗುರುತಿಸಿದರು. ಕಚೇರಿಯ ಒಣಭಾಷೆಯೊಳಗೆ ಇಷ್ಟು ಆರ್ದ್ರವಾದ ಶಬ್ದವೊಂದು ಸೇರಿಕೊಂಡಿರುವುದನ್ನು ಕಂಡಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ನಮ್ಮ ಗಾದೆಯಾದರೋ ಇದೇ ಸಂಗತಿಯನ್ನು ಕೊಂಚ ಕಟುವಾಗಿ ಹೇಳುತ್ತದೆ: ಹಾಳೂರಿಗೆ ಉಳಿದವನೇ ಗೌಡ.

ನಗರಗಳು ಬೆಳೆಯುತ್ತಿವೆಯೆಂಬುದು ನಮ್ಮ ಕಾಲದ ದೊಡ್ಡ ಮಾತು. ಬೆಂಗಳೂರಿನ ಜನಸಂಖ್ಯೆಯನ್ನು ನೆನೆದು ಹೆಮ್ಮೆಪಡುವವರೂ ಇದ್ದಾರೆ, ಗಾಬರಿಗೊಳ್ಳುವವರೂ ಇದ್ದಾರೆ. ಆದರೆ ಪಟ್ಟಣಗಳು ಕುಗ್ಗುವುದೂ ಉಂಟು. ಕುಗ್ಗುವುದು ಸದ್ದುಮಾಡುವುದಿಲ್ಲವಾದ್ದರಿಂದ ಅದನ್ನು ಕುರಿತು ಬರೆಯುವವರು ವಿರಳ. ರಾಯಚೂರು ಸೀಮೆಯಲ್ಲಿ ಬಹುಕಾಲ ಪಾಠ ಹೇಳಿಕೊಂಡಿದ್ದ ನನಗೆ ಈ ವಿಚಾರ ಹೊಳೆದದ್ದು ಪುಸ್ತಕದಿಂದಲ್ಲ, ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ. ಒಂದು ಹೊತ್ತಿನ ಆ ಪ್ರಯಾಣದಲ್ಲಿ ಏರುತ್ತಿರುವ ಊರನ್ನೂ ಕಾಣಬಹುದು, ಒಮ್ಮೆ ಏರಿ ಇಳಿದ ಊರನ್ನೂ ಕಾಣಬಹುದು, ಎಲ್ಲಿಯೋ ಊರು ಕಳೆದುಕೊಂಡವರು ಬಂದು ಕಟ್ಟಿದ ಊರನ್ನೂ ಕಾಣಬಹುದು. ಊರು ಏಕೆ ಬರಿದಾಗುತ್ತದೆ, ಬರಿದಾದಾಗ ಸುತ್ತಲ ನಾಡಿನ ಏಳಿಗೆಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ದಾರಿಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ಬೀಡು, ಛಾವಣಿ, ಕ್ಯಾಂಪು

ಮಸ್ಕಿಯಿಂದಲೇ ಮೊದಲು ಮಾಡೋಣ. ೧೯೧೫ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಇಲ್ಲಿಯ ಬೆಟ್ಟದ ಬಂಡೆಯ ಮೇಲೆ ಅಕ್ಷರಗಳು ಕಂಡವು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳುವ ಶಾಸನ ಮೊದಲ ಬಾರಿಗೆ ದೊರೆತದ್ದು ಅಲ್ಲಿ. ಶಾಲೆಯ ಮಕ್ಕಳಿಗೆಲ್ಲ ಈ ಕಥೆ ಗೊತ್ತು. ಅವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ಉತ್ಖನನ ನಡೆಸಿದಾಗ ನೆಲದೊಳಗೆ ಕಂಡದ್ದು ಒಂದೇ ಊರಿನ ಅವಶೇಷವಲ್ಲ. ಶಿಲಾಯುಗದ ಕೊನೆಯವರು, ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರು, ಇತಿಹಾಸದ ಆರಂಭಕಾಲದವರು, ಮಧ್ಯಯುಗದವರು ಹೀಗೆ ಒಂದರ ಮೇಲೊಂದು ಜನವಸತಿಗಳು ಪದರಪದರವಾಗಿ ಅಲ್ಲಿ ಮಲಗಿದ್ದವು. ಕಲ್ಯಾಣದ ಚಾಲುಕ್ಯ ಎರಡನೆಯ ಜಯಸಿಂಹನ ಕಾಲದ ಶಾಸನ ಈ ಊರನ್ನು ‘ಪಿರಿಯ ಮೊಸಂಗಿ’ ಎಂದು ಕರೆದು, ರಾಜಧಾನಿಯೆಂದು ವರ್ಣಿಸುತ್ತದೆ. ಚೋಳ ರಾಜೇಂದ್ರನಿಗೂ ಜಯಸಿಂಹನಿಗೂ ಯುದ್ಧ ನಡೆದ ‘ಮುಸಂಗಿ’ ಇದೇ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ರಾಜಧಾನಿಯೆನ್ನಿಸಿಕೊಂಡ ಆ ಮೊಸಂಗಿ ಮುಂದಿನ ಶತಮಾನಗಳಲ್ಲಿ ಸಣ್ಣ ಊರಾಗಿ ನಿಂತಿತು. ತಾಲ್ಲೂಕು ಕೇಂದ್ರವೆಂಬ ಮನ್ನಣೆ ಅದಕ್ಕೆ ಬಂದದ್ದು ಈಚಿನ ವರ್ಷಗಳಲ್ಲಿ.

ಲಿಂಗಸುಗೂರಿನಿಂದ ನೈರುತ್ಯಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಮುದಗಲ್ಲಿನ ಕೋಟೆಯಿದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ, ಆಮೇಲೆ ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಆ ಕಾದಾಟ ಇದ್ದಷ್ಟು ಕಾಲ ಮುದಗಲ್ಲಿಗೆ ಬೆಲೆ. ಸೈನ್ಯ, ಸರಬರಾಜು, ಕುಶಲಕರ್ಮಿಗಳು, ಸಂತೆ, ಎಲ್ಲವೂ ಅದರ ಸುತ್ತ ಸೇರಿದವು. ೧೫೬೫ರಲ್ಲಿ ವಿಜಯನಗರವೂ ೧೬೮೬ರಲ್ಲಿ ಬಿಜಾಪುರವೂ ಬಿದ್ದ ಮೇಲೆ ಕೋಟೆಗೆ ಕಾಯುವ ಗಡಿಯೇ ಇಲ್ಲವಾಯಿತು. ಗಡಿಯ ಊರಿಗೆ ಗಡಿ ಅಳಿಸಿಹೋಗುವುದಕ್ಕಿಂತ ದೊಡ್ಡ ಆಪತ್ತು ಬೇರೆಯಿಲ್ಲ.

ಲಿಂಗಸುಗೂರಿನ ಕಥೆ ಇನ್ನೂ ಹತ್ತಿರದ್ದು. ೧೮೫೩ರಲ್ಲಿ ನಿಜಾಮನಿಂದ ಕಂಪನಿ ಸರಕಾರದ ಕೈಗೆ ಹೋದ ರಾಯಚೂರು ದೋಆಬು ೧೮೬೦ರಲ್ಲಿ ಅವನಿಗೆ ಮರಳಿತು. ಆ ನಡುವಿನಲ್ಲಿ ಈ ಸೀಮೆಯ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಲಿಂಗಸುಗೂರನ್ನು ಹಲವು ಸಲ ನೆನೆದಿದ್ದಾನೆ. ಹೈದರಾಬಾದ್ ಕಂಟಿಂಜೆಂಟ್ ದಳದ ಛಾವಣಿ ಇಲ್ಲಿತ್ತು. ಮುಂದೆ ಲಿಂಗಸುಗೂರೇ ಒಂದು ಜಿಲ್ಲೆಯ ಕೇಂದ್ರವೂ ಆಯಿತು. ಆದರೆ ೧೯೦೩ರಲ್ಲಿ ಕಂಟಿಂಜೆಂಟ್ ಭಾರತದ ಸೇನೆಯಲ್ಲಿ ವಿಲೀನವಾಯಿತು; ೧೯೦೫ರಲ್ಲಿ ಲಿಂಗಸುಗೂರು ಜಿಲ್ಲೆಯನ್ನೇ ಒಡೆದು ನೆರೆಯ ಜಿಲ್ಲೆಗಳಿಗೆ ಸೇರಿಸಿದರು. ಎರಡು ವರ್ಷಗಳ ಅಂತರದಲ್ಲಿ ಎರಡು ಆಜ್ಞೆಗಳು. ಬಹುಶಃ ಆ ಆಜ್ಞೆಗಳಿಗೆ ರುಜು ಹಾಕಿದವರ ಮನಸ್ಸಿನಲ್ಲಿ ಲಿಂಗಸುಗೂರಿನ ಅಂಗಡಿಕಾರನ ಚಿತ್ರ ಒಂದು ಕ್ಷಣವೂ ಸುಳಿದಿರಲಾರದು. ಸಿಪಾಯಿಗೆ ಬಟ್ಟೆ ಹೊಲಿಯುವವನು, ಕುದುರೆಗೆ ಹುಲ್ಲು ಮಾರುವವನು, ಕಚೇರಿಗೆ ಬಂದ ರೈತನಿಗೆ ಅರ್ಜಿ ಬರೆದುಕೊಡುವವನು ಇವರೆಲ್ಲ ಯಾವ ಯಾದಿಯಲ್ಲಿಯೂ ಕಾಣಿಸಿಕೊಳ್ಳದ ಜನ. ಆದರೂ ಪಟ್ಟಣವೆಂದರೆ ಅವರೇ.

ಈ ಮೂರು ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಗಮನಕ್ಕೆ ಬರುತ್ತದೆ. ಹಳಗನ್ನಡದಲ್ಲಿ ಅರಸನು ಇಳಿದುಕೊಂಡ ತಾಣಕ್ಕೆ ಬೀಡು ಎನ್ನುತ್ತಿದ್ದರು. ನಿಜಾಮನ ಕಾಲಕ್ಕೆ ಅದು ಛಾವಣಿಯಾಯಿತು. ನಮ್ಮ ಕಾಲದಲ್ಲಿ ಸಿಂಧನೂರಿನ ಸುತ್ತ ಎಲ್ಲಿ ನೋಡಿದರೂ ಕ್ಯಾಂಪು. ಮೂರು ಮಾತುಗಳ ಒಳ ಅರ್ಥ ಒಂದೇ: ತಾತ್ಕಾಲಿಕವಾಗಿ ತಂಗುವ ಸ್ಥಳ. ಈ ನಾಡಿನಲ್ಲಿ ಯಾವ ಊರು ಬೆಳೆದರೂ ಅದು ಮೊದಲು ಯಾರದೋ ಕೆಲಸಕ್ಕಾಗಿ ಹಾಕಿದ ಬಿಡಾರವಾಗಿತ್ತು. ಆ ಕೆಲಸ ಮುಗಿದ ಮೇಲೆಯೂ ಬಿಡಾರ ಊರಾಗಿ ಉಳಿಯಿತೇ ಎಂಬುದೇ ಪ್ರಶ್ನೆ.

ಬಂಗಾರ ಬತ್ತಿದಾಗ

ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇರುವ ಹಟ್ಟಿಯ ಚಿನ್ನದ ಗಣಿ ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಬಿರಿಸಿ, ಆರುನೂರು ಅಡಿಗಳಿಗೂ ಹೆಚ್ಚು ಆಳಕ್ಕೆ ಅಲ್ಲಿ ಅಗೆದಿದ್ದರು. ಅಷ್ಟು ಆಳಕ್ಕೆ ಇಳಿದ ಜನಕ್ಕೆ ಮೇಲೆ ಮನೆ, ಕುಲುಮೆ, ಧಾನ್ಯ, ನೀರು ಎಲ್ಲವೂ ಬೇಕಾಗಿದ್ದಿರಲೇಬೇಕು. ಅವರು ಹೋದರು, ಗುಂಡಿಗಳು ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಪನಿಯವರು ಬಂದು ಹಳೆಯ ಗುಂಡಿಗಳ ಜಾಡು ಹಿಡಿದು ಗಣಿ ತೆರೆದರು, ೧೯೨೦ರಲ್ಲಿ ಮುಚ್ಚಿದರು. ೧೯೪೭ರಲ್ಲಿ ಹೊಸ ಕಂಪನಿ ಸ್ಥಾಪಿತವಾಗಿ ಹಟ್ಟಿಗೆ ಮರಳಿ ಜೀವ ಬಂದಿತು. ಇಂದು ಅದು ರಾಜ್ಯ ಸರಕಾರದ ಗಣಿ. ಹಟ್ಟಿಯ ಬೀದಿಯಲ್ಲಿ ನಿಂತಾಗ ನನಗೆ ತೋರುವುದಿಷ್ಟು: ಗಣಿಯ ಊರಿನ ಆಯುಷ್ಯವನ್ನು ಊರಿನವರು ಬರೆಯುವುದಿಲ್ಲ, ಅದಿರು ಬರೆಯುತ್ತದೆ, ಪೇಟೆಯ ಧಾರಣೆ ಬರೆಯುತ್ತದೆ.

ಹಟ್ಟಿಯ ಮಾತು ತೆಗೆದ ಮೇಲೆ ಕೋಲಾರದ ಚಿನ್ನದ ಗಣಿಯನ್ನು ನೆನೆಯದಿರುವುದು ಸಾಧ್ಯವಿಲ್ಲ. ನಮ್ಮ ರಾಜ್ಯದಲ್ಲಿ ದೊಡ್ಡ ನಗರವೊಂದು ಕುಗ್ಗಿದ್ದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಬೆಂಗಳೂರಿಗಿಂತ ಮೊದಲು ಆ ಗಣಿಗಳನ್ನು ಮುಟ್ಟಿತು. ಉಚ್ಛ್ರಾಯದಲ್ಲಿ ಸುಮಾರು ಮೂವತ್ತು ಸಾವಿರ ಕಾರ್ಮಿಕರು ಅಲ್ಲಿ ದುಡಿದರು. ಕೆಲವು ಸುರಂಗಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. ಒಟ್ಟಿನಲ್ಲಿ ಎಂಟುನೂರು ಟನ್ನಿನಷ್ಟು ಬಂಗಾರ ಮೇಲೆ ಬಂದಿತು. ೧೯೫೧ರ ಜನಗಣತಿಯಲ್ಲಿ ಮೈಸೂರು ರಾಜ್ಯದ ನಗರಗಳಲ್ಲಿ ಬೆಂಗಳೂರು ಮತ್ತು ಮೈಸೂರುಗಳ ನಂತರದ ಸ್ಥಾನ ಅದರದು; ಜನಸಂಖ್ಯೆ ೧.೬ ಲಕ್ಷದ ಹತ್ತಿರ. ಮುಂದಿನ ಎರಡು ದಶಕಗಳಲ್ಲಿ ಆ ಸಂಖ್ಯೆ ಇಳಿಯಿತು. ಆಮೇಲೆ ಮೆಲ್ಲಗೆ ಏರಿ, ೨೦೧೧ರ ಜನಗಣತಿಯ ಹೊತ್ತಿಗೆ ಮತ್ತೆ ೧.೬ ಲಕ್ಷದ ಹತ್ತಿರಕ್ಕೇ ಬಂದು ನಿಂತಿತು. ಅದೇ ಅರುವತ್ತು ವರ್ಷಗಳಲ್ಲಿ ಬೆಂಗಳೂರು ಎಂಟು ಲಕ್ಷದಿಂದ ಎಂಬತ್ತೈದು ಲಕ್ಷಕ್ಕೆ ಬೆಳೆದಿದೆ. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು.

ಮುಚ್ಚಿದ ಮೇಲೆ ಆದದ್ದೇನು? ಗಣಿಯ ಊರಿನಲ್ಲಿ ಆಸ್ಪತ್ರೆ ಕಂಪನಿಯದು, ಮನೆಗಳ ಸಾಲು ಕಂಪನಿಯದು, ನೀರು ಕಂಪನಿಯದು, ದೀಪ ಕಂಪನಿಯದು. ಒಡೆಯ ಎದ್ದು ಹೋದಾಗ ಅವನ ಹೊರೆಯೆಲ್ಲ ನಗರಸಭೆಯ ತಲೆಗೆ ಬಂದಿತು. ಅವನ ಆದಾಯ ಮಾತ್ರ ಬರಲಿಲ್ಲ. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜನ ಕಡಮೆಯಾದರೆ ಖರ್ಚೂ ಕಡಮೆಯಾಗುತ್ತದೆಯೆಂದು ನಾವು ಸುಲಭವಾಗಿ ಎಣಿಸುತ್ತೇವೆ. ಜನ ಅರ್ಧವಾದರೆ ನೀರಿನ ಕೊಳವೆಯ ಉದ್ದ ಅರ್ಧವಾಗುವುದಿಲ್ಲ. ಬೀದಿಯ ಹತ್ತು ಮನೆಗಳಲ್ಲಿ ಐದಕ್ಕೆ ಬೀಗ ಬಿದ್ದರೂ ಚರಂಡಿ ಹತ್ತು ಮನೆಗಳಷ್ಟೇ ಉದ್ದ. ಬೀದಿದೀಪದ ಕಂಬಗಳೂ ಅಷ್ಟೇ. ತೆರಿಗೆ ಕೊಡುವವರು ಮಾತ್ರ ಐದು. ಸರಕಾರದ ಅನುದಾನ ಬಹುಮಟ್ಟಿಗೆ ತಲೆಯೆಣಿಕೆಯ ಮೇಲೆ ಬರುವುದರಿಂದ, ತಲೆಗಳು ಕಡಮೆಯಾದಂತೆ ಅದೂ ಕಡಮೆಯಾಗುತ್ತದೆ. ರಸ್ತೆ ಕೆಡುತ್ತದೆ, ರಸ್ತೆ ಕೆಟ್ಟ ಊರಿಗೆ ಹೊಸ ಕಾರಖಾನೆಯವನು ಬರುವುದಿಲ್ಲ, ಕಾರಖಾನೆ ಬಾರದ ಊರನ್ನು ಇನ್ನಷ್ಟು ಜನ ಬಿಡುತ್ತಾರೆ. ಗಾಣದ ಎತ್ತಿನಂತೆ ಸುತ್ತುವ ಕಷ್ಟ ಇದು.

ಹೋಗುವವರು ಯಾರೆಂಬುದೂ ಮುಖ್ಯ. ಊರು ಬಿಡುವವರಲ್ಲಿ ಮೊದಲಿಗರು ಹರೆಯದವರು, ಓದಿದವರು, ಕೈಯಲ್ಲಿ ಕಸಬುಳ್ಳವರು. ಉಳಿಯುವವರಲ್ಲಿ ವೃದ್ಧರು ಹೆಚ್ಚು. ಹೀಗಾಗಿ ಹತ್ತರಲ್ಲಿ ಇಬ್ಬರು ಹೋದರೆ ಊರಿನ ಶಕ್ತಿಯಲ್ಲಿ ಹತ್ತನೆಯ ಎರಡು ಭಾಗ ಹೋಯಿತೆಂದು ಲೆಕ್ಕ ಹಾಕುವಂತಿಲ್ಲ. ಹೋದದ್ದು ಅರ್ಧಕ್ಕೂ ಮಿಕ್ಕಿರಬಹುದು. ಕೆ.ಜಿ.ಎಫ್.ನಲ್ಲಿ ಇದಕ್ಕೊಂದು ವಿಚಿತ್ರ ರೂಪವುಂಟು. ಮಾರಿಕುಪ್ಪಂನಿಂದ ಬೆಳಗಿನ ರೈಲುಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾರೆ, ರಾತ್ರಿ ಮರಳುತ್ತಾರೆ. ಜನಗಣತಿಯ ಪುಸ್ತಕದಲ್ಲಿ ಅವರು ಊರಿನವರೇ. ಆದರೆ ಹಗಲಿನ ಊರಿನಲ್ಲಿ ಅವರಿಲ್ಲ. ಅವರ ದುಡಿಮೆ, ಅವರ ಕೊಳ್ಳುವಿಕೆ, ಅವರ ಹಗಲಿನ ಮಾತುಕತೆ ಎಲ್ಲವೂ ಬೇರೊಂದು ನಗರದ್ದು. ರಾತ್ರಿ ದೀಪ ಹಚ್ಚುವ, ಹಗಲು ಬೇಚರಾಕ್ ಆಗುವ ಇಂಥ ಊರಿಗೆ ನಮ್ಮ ಕಂದಾಯದ ಗುಮಾಸ್ತರು ಯಾವ ಹೆಸರನ್ನಿಡುತ್ತಿದ್ದರೋ!

ಇದು ನಮ್ಮೊಬ್ಬರ ಅನುಭವವಲ್ಲ. ಜಪಾನಿನ ಹೊಕ್ಕೈಡೋ ದ್ವೀಪದ ಯೂಬಾರಿ ಕಲ್ಲಿದ್ದಲಿನ ನಗರ. ೧೯೬೦ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದರು. ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದು ೧೯೯೦ರಲ್ಲಿ ಕೊನೆಯದೂ ಮುಚ್ಚಿತು. ಜನರನ್ನು ಹಿಡಿದಿಡಲು ನಗರಸಭೆ ಸಾಲಮಾಡಿ ವಸ್ತುಸಂಗ್ರಹಾಲಯ, ವಿಹಾರದ ಉದ್ಯಾನ ಮೊದಲಾದುವನ್ನು ಕಟ್ಟಿಸಿತು. ಪ್ರವಾಸಿಗರು ಬಾರದೆ ಸಾಲ ಬೆಳೆದು ೨೦೦೭ರಲ್ಲಿ ಆ ನಗರ ಸರಕಾರದ ಮೇಲ್ವಿಚಾರಣೆಗೆ ಒಳಪಟ್ಟಿತು. ಆಸ್ಪತ್ರೆ ಸಣ್ಣ ಚಿಕಿತ್ಸಾಲಯವಾಯಿತು. ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಒಂದೇ ಶಾಲೆಯಾಯಿತು. ಇಂದು ಅಲ್ಲಿರುವವರು ಹತ್ತು ಸಾವಿರಕ್ಕಿಂತ ಕಡಮೆ. ಇಷ್ಟೆಲ್ಲ ಹೋದರೂ ಅಲ್ಲಿ ಒಂದು ಉಳಿದಿದೆ: ಆ ಊರಿನ ರೈತರು ಬೆಳೆಯುವ ಕರಬೂಜದ ಹಣ್ಣು. ಜಪಾನಿನ ಪೇಟೆಗಳಲ್ಲಿ ಇಂದಿಗೂ ಅದಕ್ಕೆ ಭಾರಿ ಬೆಲೆಯುಂಟು. ಗಣಿ ಹೋಯಿತು, ಸಾಲದ ಉದ್ಯಾನ ಹೋಯಿತು. ನೆಲದಲ್ಲಿ ಬೇರುಬಿಟ್ಟ ಕಸಬು ನಿಂತಿತು.

ನಗರ ಹೋಗಿ ಕಾಲುವೆ ಉಳಿದದ್ದು

ಈ ಮಾತಿಗೆ ನಮ್ಮಲ್ಲಿಯೇ ಇನ್ನೂ ಹಳೆಯ ಸಾಕ್ಷಿಯಿದೆ. ೧೫೬೫ರ ನಂತರ ಹಂಪೆ ಬರಿದಾಯಿತು. ಅರಮನೆಗೆ ಅಧಿಷ್ಠಾನ ಮಾತ್ರ ಉಳಿಯಿತು. ಬಜಾರುಗಳ ಕಲ್ಲುಕಂಬಗಳ ನಡುವೆ ಹುಲ್ಲು ಬೆಳೆಯಿತು. ಆದರೆ ಅದೇ ಅರಸರ ಕಾಲದ ತುರ್ತು ಕಾಲುವೆ ಅಂದಿನಿಂದ ಇಂದಿನವರೆಗೆ ಹರಿಯುತ್ತಿದೆ. ಅದರ ನೀರಿನಿಂದ ಗದ್ದೆಗಳೂ ಬಾಳೆಯ ತೋಟಗಳೂ ಹಸುರಾಗಿವೆ. ಅರಸರು ಶಾಶ್ವತವೆಂದು ಕಟ್ಟಿದ ಅರಮನೆ ಅಳಿಯಿತು. ರೈತನಿಗೆಂದು ತೋಡಿದ ಕಾಲುವೆ ಶಾಶ್ವತವಾಯಿತು. ಮಹಾನಗರವೊಂದು ಅಳಿದ ಮೇಲೆಯೂ ಅದರ ಸುತ್ತಣ ನಾಡು ಬದುಕಿಕೊಂಡದ್ದು ಈ ಕಾಲುವೆಗಳ ದೆಸೆಯಿಂದ.

ಅದೇ ತುಂಗಭದ್ರೆಗೆ ೧೯೫೩ರಲ್ಲಿ ದೊಡ್ಡ ಅಣೆಕಟ್ಟು ಬಂದಿತು. ಅದಕ್ಕೆ ಮುಂಚೆ ಸಿಂಧನೂರು ಸೀಮೆ ಮಳೆಯನ್ನೇ ನಂಬಿದ ಎರೆಭೂಮಿ; ಜೋಳ, ಹತ್ತಿ ಅದರ ಬೆಳೆಗಳು. ಮಳೆ ಕೈಕೊಟ್ಟ ವರ್ಷ ಜನ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಿದ್ದರು. ಎಡದಂಡೆ ಕಾಲುವೆ ಬಂದಾಗ ಚಿತ್ರ ತಿರುಗಿತು. ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು, ಭತ್ತ ನಾಟಿಮಾಡಿ, ಕ್ಯಾಂಪುಗಳನ್ನು ಕಟ್ಟಿದರು. ಜನ ಹೋಗುತ್ತಿದ್ದ ನಾಡಿಗೆ ಜನ ಬರತೊಡಗಿದರು.

೧೯೭೦ರ ದಶಕದ ಆರಂಭದಲ್ಲಿ ಬಂದವರು ಇನ್ನೊಂದು ಬಗೆಯವರು. ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡ ನೂರಾರು ಹಿಂದೂ ಕುಟುಂಬಗಳನ್ನು ಸರಕಾರ ಸಿಂಧನೂರಿನ ಹತ್ತಿರ ತಂದು ನೆಲೆಗೊಳಿಸಿತು. ಅದೇ ಆರ್.ಎಚ್. ಕ್ಯಾಂಪು. ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಮಾತಿನ ಎರಡು ಅಕ್ಷರಗಳು ಊರಿನ ಹೆಸರಾಗಿ ನಿಂತವು. ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಅಂಕೆಗಳಿಂದಲೇ ಅವನ್ನು ಕರೆಯುವುದು ರೂಢಿ. ನೀರು, ಮೀನು, ಹಸುರುಗಳ ನಾಡಿನಿಂದ ಬಂದವರಿಗೆ ಬೇಸಗೆಯಲ್ಲಿ ಬಿರುಕುಬಿಡುವ ಕಪ್ಪು ನೆಲ ದೊರೆಯಿತು. ಅವರು ಆ ನೆಲದಲ್ಲಿಯೇ ಭತ್ತ ಬೆಳೆದರು, ಹೊಂಡ ತೋಡಿ ಮೀನು ಸಾಕಿದರು, ಶರತ್ಕಾಲದಲ್ಲಿ ದುರ್ಗಾಪೂಜೆ ಮಾಡಿದರು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಆಂಧ್ರದವರ ಗದ್ದೆಗೆ ಕೂಲಿಗೆ ಹೋದಲ್ಲಿ ತೆಲುಗು ಹೀಗೆ ಮೂರು ಭಾಷೆಗಳನ್ನು ಆಡುವ ಮಕ್ಕಳು ಅಲ್ಲಿ ಬೆಳೆದರು.

ಅಂಥ ಒಬ್ಬ ಹುಡುಗ ಒಮ್ಮೆ ತರಗತಿಯಲ್ಲಿ ಕೇಳಿದ ಪ್ರಶ್ನೆ ನನ್ನ ನೆನಪಿನಲ್ಲಿದೆ. “ಸರ್, ‘ನಮ್ಮ ಊರು’ ಎಂದು ಪ್ರಬಂಧ ಬರೆಯಲು ಹೇಳಿದಿರಿ. ನಮ್ಮ ಅಜ್ಜಿಯ ಊರನ್ನು ಬರೆಯಲೋ, ನಮ್ಮ ಕ್ಯಾಂಪನ್ನು ಬರೆಯಲೋ?” ಎಂದ. “ನೀನು ಹುಟ್ಟಿದ್ದು ಎಲ್ಲಿಯೋ ಅದನ್ನೇ ಬರೆಯಪ್ಪ” ಎಂದೆ. “ಅದು ಕ್ಯಾಂಪು ಸರ್, ಊರಲ್ಲವಲ್ಲ” ಎಂದ ಆತ. ಕೊನೆಗೆ ಅವನು ಬರೆದದ್ದು ಕ್ಯಾಂಪಿನ ಕುರಿತೇ. ಮೀನಿನ ಹೊಂಡ, ಕಾಲುವೆಯ ಏರಿ, ಪೂಜೆಯ ಚಪ್ಪರ ಎಲ್ಲವೂ ಅದರಲ್ಲಿದ್ದವು. ಊರಿನಲ್ಲಿ ಇರಬೇಕಾದದ್ದೆಲ್ಲ ಇತ್ತು. ಊರೆಂಬ ಮಾತು ಮಾತ್ರ ಇರಲಿಲ್ಲ.

ಬಿಡಾರ ಊರಾಗುವುದು ತಾನಾಗಿ ನಡೆಯುವ ಕೆಲಸವಲ್ಲ. ಪೂರ್ವ ಬಂಗಾಳದ ನಿರಾಶ್ರಿತರಲ್ಲಿ ಬಹುಮಂದಿಯನ್ನು ಇಂದಿನ ಒಡಿಶಾ, ಛತ್ತೀಸಗಢಗಳಲ್ಲಿ ಹರಡಿರುವ ದಂಡಕಾರಣ್ಯಕ್ಕೆ ಕಳುಹಿಸಲಾಗಿತ್ತು. ಒಣನೆಲದಲ್ಲಿ ಬದುಕು ಹತ್ತದೆ ೧೯೭೮ರಲ್ಲಿ ಅವರಲ್ಲಿ ಸಹಸ್ರಾರು ಜನ ಆ ಕ್ಯಾಂಪುಗಳನ್ನು ತೊರೆದು ಬಂಗಾಳಕ್ಕೆ ಹಿಂತಿರುಗಿದರು. ಸುಂದರಬನದ ಮರೀಚಝಾಪಿ ದ್ವೀಪದಲ್ಲಿ ನೆಲಸಲು ಹೋದವರನ್ನು ೧೯೭೯ರಲ್ಲಿ ಬಲಾತ್ಕಾರದಿಂದ ಎಬ್ಬಿಸಲಾಯಿತು. ಅದೇ ಜನ, ಅದೇ ಸಂಕಟ; ಅಲ್ಲಿ ಬಿಡಾರಗಳು ಬರಿದಾದವು, ಸಿಂಧನೂರಿನಲ್ಲಿ ಉಳಿದವು. ನನಗೆ ತೋರುವ ವ್ಯತ್ಯಾಸ ಕಾಲುವೆಯ ನೀರು, ಉಳುವುದಕ್ಕೆ ನೆಲ, ಮಾರುವುದಕ್ಕೆ ಹತ್ತಿರದ ಪೇಟೆ. ಹಾಗೆಂದು ಇಲ್ಲಿಯ ಕಥೆ ಸುಖಾಂತವಾಯಿತೆಂದು ಹೇಳಲಾಗದು. ಪೌರತ್ವ, ಜಾತಿಯ ಪ್ರಮಾಣಪತ್ರ, ಭೂಮಿಯ ದಾಖಲೆ ಇವುಗಳ ತೊಡಕು ಅವರನ್ನು ಬಹುಕಾಲ ಕಾಡಿದೆ. ೨೦೧೯ರ ಪೌರತ್ವ ತಿದ್ದುಪಡಿ ಕಾಯಿದೆಗೆ ೨೦೨೪ರಲ್ಲಿ ನಿಯಮಗಳು ಬಂದ ಮೇಲೆ ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪತ್ರ ಕೈಸೇರಿತು. ಅರ್ಧ ಶತಮಾನ ಉತ್ತ ನೆಲದ ಮೇಲೆ ನಿಂತು ‘ನಾನು ಈ ದೇಶದವನು’ ಎಂಬ ಕಾಗದಕ್ಕಾಗಿ ಕಾಯುವವನ ಮಗನಿಗೆ ಆ ಊರಿನಲ್ಲಿಯೇ ಬದುಕು ಕಟ್ಟಬೇಕೆಂಬ ಹಟ ಹೇಗೆ ಬಂದೀತು?

ಒಂದೇ ಕಂಬದ ಮನೆ

ಇಂದು ಸಿಂಧನೂರು ಏರುತ್ತಿರುವ ಪಟ್ಟಣ. ೨೦೧೧ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು ೭೫ ಸಾವಿರ. ಅಕ್ಕಿ ಗಿರಣಿಗಳು, ಗೊಬ್ಬರ ಬೀಜಗಳ ಅಂಗಡಿಗಳು, ಟ್ರ್ಯಾಕ್ಟರುಗಳ ಮಳಿಗೆಗಳು, ಕಾಲೇಜುಗಳು ಅಲ್ಲಿವೆ. ೨೦೨೪ರಲ್ಲಿ ರೈಲೂ ಬಂದಿತು. ಇಂಥ ಊರಿನಲ್ಲಿ ನಿಂತು ಕುಗ್ಗುವ ಮಾತನ್ನಾಡುವುದು ಮದುವೆಯ ಮನೆಯಲ್ಲಿ ಅಪಶಕುನ ನುಡಿದಂತೆ ಕೆಲವರಿಗೆ ತೋರಬಹುದು. ಆದರೆ ಮಸ್ಕಿಯೂ ಒಮ್ಮೆ ರಾಜಧಾನಿಯಾಗಿತ್ತು. ಲಿಂಗಸುಗೂರೂ ಒಮ್ಮೆ ಜಿಲ್ಲೆಯಾಗಿತ್ತು. ದಾರಿಯ ಎರಡು ಊರುಗಳು ಕೊಡುವ ಎಚ್ಚರವನ್ನು ಮೂರನೆಯದು ಕೇಳಿಸಿಕೊಳ್ಳಬೇಡವೇ?

ಸಿಂಧನೂರಿನ ಸಿರಿ ನಿಂತಿರುವುದು ಒಂದು ಕಾಲುವೆಯ ಮೇಲೆ. ಕಾಲುವೆ ನಿಂತಿರುವುದು ಒಂದು ಜಲಾಶಯದ ಮೇಲೆ. ಕಟ್ಟಿದಾಗ ಸುಮಾರು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿಕೊಂಡು ಈಗ ಹಿಡಿಯುವುದು ಸುಮಾರು ೧೦೫. ೨೦೨೪ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟಿನ ಸರಪಣಿ ಕಡಿದು ಗೇಟೇ ಕೊಚ್ಚಿಹೋದಾಗ, ನೂರಾರು ಮೈಲಿಗಳ ಉದ್ದಕ್ಕೂ ರೈತರು ಉಸಿರು ಬಿಗಿಹಿಡಿದು ಕುಳಿತಿದ್ದರು. ಕಾಲುವೆಯ ಮೇಲ್ಭಾಗದವರು ಎರಡು ಬೆಳೆ ಭತ್ತ ತೆಗೆದರೆ ಕೊನೆಯ ಭಾಗದವರಿಗೆ ಒಂದು ಬೆಳೆಗೂ ನೀರು ಸಾಲದು. ನೀರು ನಿಂತ ಕಡೆ ಜವುಳು, ಸವುಳು. ಬಂಗಾರದ ಅದಿರಿನಂತೆ ನೀರೂ ನೆಲದ ಸಾರವೂ ಮುಗಿಯತಕ್ಕ ಸಂಪತ್ತೇ ಎಂಬುದನ್ನು ನಾವು ಮರೆತಿದ್ದೇವೆ. ಕೋಲಾರದ ಗಣಿಯವರೂ ಮರೆತಿದ್ದರು.

ರೈಲಿನ ಮಾತೂ ಹೀಗೆಯೇ. ರೈಲು ಊರಿಗೆ ಸರಕನ್ನು ತರುತ್ತದೆ. ಊರಿನ ಹುಡುಗರನ್ನು ಒಯ್ಯುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಎಂಬುದನ್ನು ನಿರ್ಧರಿಸುವುದು ರೈಲಲ್ಲ, ನಿಲ್ದಾಣದ ಆಚೆ ಇರುವ ಊರು. ಹುಡುಗ ಕಲಿತ ವಿದ್ಯೆಗೆ ಆ ಊರಿನಲ್ಲಿ ಕೆಲಸವಿದ್ದರೆ ರೈಲು ಅವನನ್ನು ಹಬ್ಬಕ್ಕೆ ಅಲ್ಲ, ಬಾಳಿಗೆ ಹಿಂದಕ್ಕೆ ತರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ನನಗೆ ತೋಚಿದ ನಾಲ್ಕು ಮಾತುಗಳನ್ನು ವಿನಯದಿಂದ ಹೇಳುತ್ತೇನೆ. ಮೊದಲನೆಯದು, ಊರಿಗೆ ಒಂದೇ ಕಂಬ ಸಾಲದು. ಭತ್ತವನ್ನು ಅಕ್ಕಿ ಮಾಡಿ ಕಳುಹಿಸುವಲ್ಲಿಗೇ ನಿಲ್ಲದೆ, ಕಡಮೆ ನೀರಿನ ಜೋಳ, ತೊಗರಿ, ಹತ್ತಿ, ಅದರಿಂದ ಹುಟ್ಟುವ ಕೈಕಸಬು, ಮೀನು, ಹಾಲು ಹೀಗೆ ಹಲವು ಕಂಬಗಳು ಬೇಕು. ಎರಡನೆಯದು, ಇರುವವನಿಗೆ ಹಕ್ಕು ಬೇಕು. ಪಟ್ಟಾ ಇಲ್ಲದ ಹೊಲಕ್ಕೆ ಯಾರೂ ಬದು ಹಾಕಿಸುವುದಿಲ್ಲ. ಹಕ್ಕಿಲ್ಲದ ಊರಿಗೆ ಯಾರೂ ಮನಸ್ಸು ಹಾಕುವುದಿಲ್ಲ. ಮೂರನೆಯದು, ಶಾಲೆ ಆಸ್ಪತ್ರೆಗಳನ್ನು ತಲೆಯೆಣಿಕೆಯಿಂದ ಮಾತ್ರ ಅಳೆಯಬಾರದು. ಮಕ್ಕಳು ಕಡಮೆಯೆಂದು ಶಾಲೆ ಮುಚ್ಚಿದರೆ, ಶಾಲೆಯಿಲ್ಲವೆಂದು ಉಳಿದ ಮಕ್ಕಳೂ ಹೋಗುತ್ತಾರೆ. ಜನ ಕುಗ್ಗುತ್ತಿರುವ ಊರಿಗೆ ಅನುದಾನ ಹೆಚ್ಚು ಬೇಕು, ಕಡಮೆ ಅಲ್ಲ. ನಾಲ್ಕನೆಯದು, ಗಣಿಗಾಗಲಿ ಕಚೇರಿಗಾಗಲಿ ಕಾರಖಾನೆಗಾಗಲಿ ಊರು ಕಟ್ಟುವವರು, ಅದು ಮುಚ್ಚುವ ದಿನದ ಲೆಕ್ಕವನ್ನೂ ತೆರೆಯುವ ದಿನವೇ ಬರೆದಿಡಬೇಕು. ಹಟ್ಟಿ ಇಂದು ನಡೆಯುತ್ತಿದೆ. ಆ ಲೆಕ್ಕ ಬರೆಯಲು ನಡೆಯುತ್ತಿರುವಾಗಲೇ ಸಮಯ.

ಊರು ಕುಗ್ಗಲೇಬಾರದೆಂದು ನಾನು ಹೇಳಲಾರೆ. ಹೊಟ್ಟೆಯ ಪಾಡಿಗೆ, ವಿದ್ಯೆಗೆ, ಜಾತಿಯ ಕಟ್ಟಿನಿಂದ ಬಿಡುಗಡೆಗೆ ಊರು ಬಿಟ್ಟವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಗುಳೆ ಹೋದ ತಾಯಂದಿರ ಕಷ್ಟವನ್ನು ಕಂಡವರು ಗ್ರಾಮಜೀವನದ ಹಾಡನ್ನು ಸುಲಭವಾಗಿ ಹಾಡಲಾರರು. ಹೋಗುವ ಸ್ವಾತಂತ್ರ್ಯ ಎಷ್ಟು ಮುಖ್ಯವೋ ಉಳಿಯುವ ಸ್ವಾತಂತ್ರ್ಯವೂ ಅಷ್ಟೇ ಮುಖ್ಯವೆಂಬುದಷ್ಟೇ ನನ್ನ ಮಾತು. ಹೋಗುವುದೊಂದೇ ದಾರಿಯಾದಾಗ ಅದು ಪ್ರಯಾಣವಲ್ಲ, ಗಡೀಪಾರು.

೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ ೨೦೨೭ಕ್ಕೆ ನಿಗದಿಯಾಗಿದೆ. ಈ ಕೆಲಸದಲ್ಲಿ ಎಂದಿನಂತೆ ಉಪಾಧ್ಯಾಯರ ಪಾಲೇ ದೊಡ್ಡದು. ಇದನ್ನು ಓದುವವರಲ್ಲಿ ಹಲವರು ಆ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಬೇಕಾಗಬಹುದು. ಎಷ್ಟು ಜನ ಇದ್ದೀರಿ ಎಂದು ಅವರು ಕೇಳುತ್ತಾರೆ, ಅಂಕೆಯನ್ನು ಬರೆದುಕೊಳ್ಳುತ್ತಾರೆ. ಏಕೆ ಇದ್ದೀರಿ, ಇನ್ನೆಷ್ಟು ದಿನ ಇರಬೇಕೆಂದಿದ್ದೀರಿ ಎಂದು ಕೇಳುವ ಅಂಕಣ ಆ ಪಟ್ಟಿಯಲ್ಲಿರುವುದಿಲ್ಲ. ಬೀಗ ಬಿದ್ದ ಮನೆಯ ಮುಂದೆ ಒಂದು ಗಳಿಗೆ ನಿಂತು, ಪಕ್ಕದ ಮನೆಯ ಮುದುಕಿಯನ್ನು ಆ ಪ್ರಶ್ನೆಯನ್ನೂ ಕೇಳಿಬಿಡಿ. ಅವಳು ಕೊಡುವ ಉತ್ತರವೇ ಆ ಊರಿನ ನಿಜವಾದ ಜನಗಣತಿ.